ಎಳೆಗಂಟು

ಗುಳೇದಗುಡ್ಡದ ನಮ್ಮ ದೇವಾಲಯದಲ್ಲಿ
ಹದಿನಾಲ್ಕು ಬೆಂಚು, ಎರಡಕ್ಕೆ ಕಾಲು ಕುಂಟು.
ಆ ಭಾನುವಾರ ಪಾಠ ಓದುವ ಸರದಿ ನನ್ನದು:
ದಾನಿಯೇಲ, ಮೂರನೆಯ ಅಧ್ಯಾಯ.
ತೊದಲುವವನಿಗೆ ಅದೇ ಸಿಗಬೇಕೆ?
ನೆ... ನೆಬೂ... ನೆಬೂಕ...
ಮೂರು ಸಲ ಹತ್ತಿದೆ, ಮೂರು ಸಲ ಜಾರಿದೆ,
ಗುಡ್ಡದ ಕೋಟೆಯ ಸವೆದ ಮೆಟ್ಟಿಲು ಆ ಅರಸನ ಹೆಸರು.
ಹುಡುಗರ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.
ಉರಿಯುವ ಕುಲುಮೆಯೊಳಗೆ ನಾಲ್ವರು ಕಂಡರಂತೆ;
ಐದನೆಯವನಾಗಿ ನಿಂತಿದ್ದೆ ನಾನು.

ಆರಾಧನೆ ಮುಗಿದು ಬೇವಿನ ಕೆಳಗೆ
ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದ್ದೆ.
ಹನ್ನವ್ವ ಬಂದಳು, ಸೆರಗಿನಲ್ಲಿ ರೇಷ್ಮೆಯ ನಾರು ಅಂಟಿತ್ತು.
"ಸಮಾಧಾನಾ, ಬ್ಯಾರೇದವ್ರು ಓದಿದ್ರ ಓಡ್ತಾರಪಾ,
ನನ್ನ ಕಿವಿ ಹಿಂದ ಬೀಳ್ತಾವು.
ಇವತ್ತ ಒಂದೊಂದ ಅಕ್ಷರಾನೂ
ಕೈಯಾಗ ಇಟ್ಟಂಗಾತು ನೋಡು.
ಬರೂ ವಾರಾನೂ ನೀನ ಓದು."

ಸುಳ್ಳು ಅಂದುಕೊಂಡೆ. ಮನೆಗೆ ಬಂದು ತೂಗಿದೆ.
ಸುಳ್ಳಲ್ಲ. ಐವತ್ತು ವರ್ಷದ ಲಾಳಿಯ ಸದ್ದು
ಅವಳ ಎಡಗಿವಿಯನ್ನು ತಿಂದಿತ್ತು.
ನನ್ನ ಸೋಲಿನ ರಾಶಿಯನ್ನೆಲ್ಲ ಕೆದರಿ
ನಿಜವಾದದ್ದೊಂದನ್ನು ಹೆಕ್ಕಿ ತಂದಿದ್ದಳು,
ಸಾವಿರ ಎಳೆಗಳ ಹಾಸಿನಲ್ಲಿ
ಹರಿದ ಒಂದೇ ಎಳೆಯ ತುದಿ ಹಿಡಿಯುವಂತೆ.

ಅವಳ ಕುಣಿಮಗ್ಗದ ಹತ್ತಿರ ಕುಳಿತು ನೋಡಿದ್ದೇನೆ:
ಎಳೆ ಹರಿದರೆ ಬೈಯುವುದಿಲ್ಲ, ಮಗ್ಗ ನಿಲ್ಲಿಸುತ್ತಾಳೆ.
ನಾಲಿಗೆಯ ತೇವ ಹಚ್ಚಿ, ಹೊಸೆದು, ಗಂಟು.
"ಮ್ಯಾಲ ಕಾಣೂದಿಲ್ಲೋ ಇದು,
ಖಣ ತೊಟ್ಟಾಕಿ ಬೆನ್ನಿಗಷ್ಟ ಗೊತ್ತು."

ದೇವದಾನಪ್ಪನ ಹೆಂಡತಿ ತೀರಿದಾಗ
ನಾವೆಲ್ಲ ದೇವರ ಚಿತ್ತ, ದೇವರ ಚಿತ್ತ ಎಂದೆವು.
ಹನ್ನವ್ವ ಹೇಳಿದ್ದು ಇಷ್ಟು:
"ಸುಗುಣಾ ಹಾಕಿದ ಉಪ್ಪಿನಕಾಯಿ ಒಂದ ಭರಣಿ ನನ್ನ ಕಡೆ ಐತಿ.
ಮುಗಿಯೂ ತನಕ ಉಣ್ಣಾಕ ಬಾ."
ಆತ ಅಂದು ಮೊದಲ ಸಲ ಅತ್ತ.
ಒಂಬತ್ತೇ ಮಂದಿ ಬಂದ ಮಳೆಯ ಭಾನುವಾರ
ಅಯ್ಯನವರಿಗೆ ಅಂದಳು:
"ನೂರ ಮಂದೀ ಅಡಗಿ ಒಂಬತ್ತ ಮಂದಿಗೆ ಬಡಿಸಿದ್ರಿ,
ಹೊಟ್ಟಿ ಬಿರಿಯಾಕತ್ತೈತ್ರೀ."
ವರ್ಗ ಕೇಳಿ ಬರೆದಿದ್ದ ಅರ್ಜಿ
ಇನ್ನೂ ಅವರ ಮೇಜಿನ ಖಾನೆಯಲ್ಲೇ ಇದೆಯಂತೆ.

ಕ್ರಿಸ್ಮಸ್ಸಿಗೆ ಹನ್ನೊಂದು ದಿನ ಇರುವಾಗ
ಹನ್ನವ್ವನಿಗೆ ಲಕ್ವ ಹೊಡೆಯಿತು.
ಬಲಗೈ ಹೋಯಿತು. ನಾಲಿಗೆ ಹೋಯಿತು.

ಬಾಗಲಕೋಟೆಯ ಬಸ್ಸಿನಲ್ಲಿ ನಾವು ಏಳು ಮಂದಿ,
ಏಳು ಮಂದಿಯೂ ಮನಸ್ಸಿನಲ್ಲೇ ತಾಲೀಮು.
ಕರುಣಾಕರ ಟಿಕೀಟಿನ ಬೆನ್ನಿಗೆ ವಚನ ಬರೆದುಕೊಂಡ.
ಮಂಚದ ಸುತ್ತ ನಿಂತು ಎಲ್ಲರೂ ಹೇಳಿದರು:
ಎಲ್ಲಾ ಛಲೋ ಆಗ್ತೈತಿ,
ಹಬ್ಬಕ್ಕ ನೀನ ಮುಂದ ನಿಂತು ಹಾಡ್ತಿ.
ಅವಳು ಗೋಡೆ ನೋಡುತ್ತಿದ್ದಳು.
ಗೋಡೆಯಲ್ಲಿ ಹಳೆಯದೊಂದು ಮೊಳೆ, ಅಷ್ಟೇ.

ಕೊನೆಗೆ ನಾನು.
ಹ... ಹನ್... ಎಂದು ನಿಂತುಬಿಟ್ಟೆ.
ಆಗ ತಿರುಗಿದಳು. ತುಟಿ ಓರೆಯಾಗಿ ನಡುಗಿತು:
"ಸ... ಸ..."
ಒಂದೇ ಗುಡ್ಡದ ಬುಡದಲ್ಲಿ ಇಬ್ಬರೂ.
ಮುಂದಿನದು ನನ್ನ ಹೆಸರೋ, ಸಾಕು ಎಂಬ ಮಾತೋ,
ಯಾರಿಗೆ ಗೊತ್ತು?

"ಸಾ... ಸಾವಕಾಶ, ಅವ್ವಾ," ಅಂದೆ.
"ಒಂದೊಂದ ಅಕ್ಷರಾನೂ
ಕೇ... ಕೇಳಾಕತ್ತೇನಿ."

ಅವಳ ಎಡಗೈ ಹೊದಿಕೆಯ ಅಂಚಿನಲ್ಲಿ ತಡಕಾಡಿತು.
ಬಿಚ್ಚಿಕೊಂಡಿದ್ದ ಒಂದು ನೂಲು.
ಹೆಬ್ಬೆಟ್ಟು, ತೋರುಬೆರಳು,
ಹೊಸೆಯುವುದು, ಜಾರುವುದು, ಮತ್ತೆ ಹೊಸೆಯುವುದು.
ಗಂಟು ಬೀಳಲಿಲ್ಲ.
ನಾನು ಇನ್ನೊಂದು ತುದಿ ಹಿಡಿದುಕೊಂಡೆ.

ಕೊನೆಯ ಬಸ್ಸು ತಪ್ಪಿತು.
ನಿಲ್ದಾಣದ ಕಲ್ಲುಬೆಂಚಿನ ಮೇಲೆ
ದೇವದಾನಪ್ಪ ಚೀಲದಿಂದ ರೊಟ್ಟಿ ತೆಗೆದ,
ಆಮೇಲೆ ಒಂದು ಸಣ್ಣ ಡಬ್ಬಿ.
"ಭರಣಿ ತಳದಾಗಿಂದು," ಅಂದ,
"ಒಬ್ಬನ ತಿನ್ನಾಕ ಮನಸಾಗ್ಲಿಲ್ಲ."
ಏಳು ಮಂದಿಗೆ ಏಳು ಹೋಳು ಇರಲಿಲ್ಲ.
ಬೆರಳು ಅದ್ದಿಕೊಂಡು ಉಂಡೆವು.