ಹತ್ತು ನಿಮಿಷದ ಕುದಿ

ಸುಕನ್ಯಳ ಕಂಪನಿ ಬಸ್ಸು
ಒಂಬತ್ತೂಕಾಲಿಗೆ, ಬಾಗಲೂರು ರಸ್ತೆಯ ತಿರುವಿನಲ್ಲಿ.
ಅವಳು ಹತ್ತಿದ ಮೇಲೆ
ಈ ಅಡುಗೆಮನೆ ನನ್ನ ಶಿಫ್ಟು.

ನಾಲ್ಕು ಬಾಟಲಿ, ನಾಲ್ಕು ನಿಪ್ಪಲ್ಲು,
ಮತ್ತೆ ಅದೊಂದು, ಹಾಲಿಲ್ಲದ್ದು, ಬರೀ ಚೀಪಲಿಕ್ಕೆ.
ಅತ್ತೆ ಅದಕ್ಕಿಟ್ಟ ಹೆಸರು ಸುಳ್ಳುತೊಟ್ಟು.
'ಕೂಸಿಗೆ ಈಗಲೇ ಸುಳ್ಳು ಕಲಿಸ್ತೀರಾ' ಅಂದಿದ್ದರು,
ಮೂರನೇ ದಿನ ತಾವೇ ಮಂಚದಡಿ ಬಗ್ಗಿ
ಹುಡುಕುತ್ತಿದ್ದರು ಅದನ್ನು.

ಬ್ರಷ್ಷು ಒಳಗಿಳಿಸಿ ತಿರುಗಿಸುತ್ತೇನೆ.
ತಳದ ಅಂಚಿನಲ್ಲಿ ಯಾವಾಗಲೂ ಒಂದೆಳೆ ಕೆನೆ
ಬಚ್ಚಿಟ್ಟುಕೊಂಡಿರುತ್ತದೆ.
ಹಗಲೆಲ್ಲ ಸಿಪ್‌ಕಾಟಿನಲ್ಲಿ ನಾನು ಅಳೆಯುವವನು,
ಕೂದಲಿನ ಹತ್ತನೇ ಒಂದು ಪಾಲು ಹೆಚ್ಚಾದರೂ
ಉಕ್ಕಿನ ತುಂಡನ್ನು ಕೆಂಪು ಡಬ್ಬಿಗೆ ಎಸೆಯುವವನು.
ಇಲ್ಲಿರುವುವು ನನ್ನ ಗೇಜಿಗೆ ಸಿಗದವು.
ಸತ್ತವೋ ಇಲ್ಲವೋ
ಯಾರೂ ಸಹಿ ಹಾಕಿ ಕೊಡುವುದಿಲ್ಲ.

ಆಸ್ಪತ್ರೆಯ ಚೀಟಿ ತಮಿಳಿನಲ್ಲಿತ್ತು.
ನಾನು ಅಂಚೆಟ್ಟಿ ಕಡೆಯ ಕನ್ನಡ ಶಾಲೆಯವನು,
ಆ ಅಕ್ಷರ ಬಸ್ಸಿನ ಬೋರ್ಡಿನಷ್ಟೇ ಬಲ್ಲೆ.
ನರ್ಸಮ್ಮ ಬೆರಳಿಟ್ಟು ಓದಿದರು:
ಕೊದಿಕ್ಕಣುಂ, ಪತ್ತು ನಿಮಿಷಂ.
ಕೊದಿ, ಕುದಿ. ಪತ್ತು, ಹತ್ತು.
ಒಂದು ಕೊಂಬಿನ ವ್ಯತ್ಯಾಸ; ನೀರಿಗೆ ಅದರ ಗೊಡವೆಯಿಲ್ಲ.
ಹೊಸೂರಿನ ಎತ್ತರಕ್ಕೆ ಅದು ನೂರಲ್ಲ,
ತೊಂಬತ್ತೇಳರಲ್ಲೇ ಎದ್ದು ಕುಣಿಯುತ್ತದೆ.
ಬೋರಿನ ನೀರು. ಪಾತ್ರೆಯ ಮೈಗೆ ರಾತ್ರಿಗೊಂದು ಸುಣ್ಣದ ಗೆರೆ.
ಸುಕನ್ಯ ಕೆಲಸಕ್ಕೆ ಮರಳಿ ಇಪ್ಪತ್ತೆರಡು ಗೆರೆ.

ಆವತ್ತು ಗುರುವಾರ. ಆಡಿಟ್ಟಿನ ದಿನ, ನಿಂತೇ ಹತ್ತು ಗಂಟೆ.
ಮಧ್ಯರಾತ್ರಿ ಗ್ಯಾಸು ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು
ಒಂದೇ ಒಂದು ನಿಮಿಷ ಅಂತ ಕೂತೆ.

ಎಬ್ಬಿಸಿದ್ದು ಮಗುವಲ್ಲ, ವಾಸನೆ.
ನೀರು ಯಾವಾಗಲೋ ಎದ್ದು ಹೋಗಿತ್ತು.
ಬಾಟಲಿಗಳು ಕೊನೇ ಬಸ್ಸಿನ ಜನರ ಹಾಗೆ
ಒಂದರ ಹೆಗಲಿಗೊಂದು ಒರಗಿ ಕರಗಿದ್ದವು.
ಗುರುತು ಸಿಗುವಂತಿದ್ದುದು
ಸುಳ್ಳುತೊಟ್ಟಿನ ನೀಲಿ ಬಳೆ ಮಾತ್ರ.
ಕ್ರಿಮಿಗಳು ಈ ಸಲ ಖಂಡಿತ ಸತ್ತಿದ್ದವು.

ಒಂದೂವರೆ. ಷಟರು ಇಳಿಸಿದ ಊರು.
ಫ್ರಿಜ್ಜಿನಲ್ಲಿ ಅವಳು ಹಿಂಡಿಟ್ಟ ಹಾಲು,
ಮುಚ್ಚಳದ ಮೇಲೆ ಹೊತ್ತು ಬರೆದ ಚೀಟಿ.
ಹಾಲಿದೆ, ಬಾಯಿದೆ,
ನಡುವೆ ಏನೂ ಇಲ್ಲ.
ಆಗ ಎದ್ದಳು ನಿಶಿತಾ.
ಚಮಚ ಎತ್ತಿಕೊಂಡೆ. ಕುದಿಸಿದ್ದಲ್ಲ. ಇಟ್ಟೆ.
ಮತ್ತೆ ಎತ್ತಿಕೊಂಡೆ.

ಬಾಗಿಲು ಬಡಿದದ್ದು ಎದುರು ಮನೆಯ ಸೆಂಗಮಲಂ ಪಾಟಿ,
ಹೊಗೆ ಕಂಡು, ಕೈಯಲ್ಲೊಂದು ಬಕೆಟ್ಟು ನೀರು.
ಪಾತ್ರೆ ನೋಡಿದಳು. ನನ್ನನ್ನು ನೋಡಿದಳು.
ಆ ಮಾತಿಗೆ ಕಾದೆ: ನಮ್ಮ ಕಾಲದಲ್ಲಿ
ಇದೆಲ್ಲ ಎಲ್ಲಿತ್ತು, ಮಕ್ಕಳು ಬೆಳೆಯಲಿಲ್ಲವಾ.
ಆಡಲಿಲ್ಲ. ಬಕೆಟ್ಟು ಇಟ್ಟು ಹೋದವಳು
ಸೆರಗಿನಲ್ಲಿ ಏನೋ ಸುತ್ತಿ ತಂದಳು.
ಅಂಗೈಗೆ ಕೂರುವ ಬೆಳ್ಳಿ,
ಮುಂದೆ ಕೊಕ್ಕಿನಂಥ ಮೂತಿ.
'ಪಾಲಾಡೈ' ಅಂದಳು.
'ಒಳಲೆ' ಅಂದೆ.
ಆ ಶಬ್ದ ನನ್ನೊಳಗಿತ್ತೆಂದು ನನಗೇ ಗೊತ್ತಿರಲಿಲ್ಲ,
ಯಾವ ಅಟ್ಟದಿಂದಲೋ ಉರುಳಿ ಬಂತು.

ಕೈ ಚಾಚಿದೆ. ಕೊಡಲಿಲ್ಲ.
'ಮುದಲ್ಲ ಕೊದಿಕ್ಕ ವೈ.'
ಬೇರೆ ಪಾತ್ರೆಯನ್ನು ತಾನೇ ಹುಡುಕಿದಳು.
ಹೆತ್ತ ಐದರಲ್ಲಿ ಎರಡು ಭೇದಿಗೆ ಹೋದವೆಂದು
ನೀರು ಕಾಯುವಾಗ ಹೇಳಿದಳು,
ಗಡಿಯಾರ ನೋಡುತ್ತ, ಬಸ್ಸಿನ ಹೊತ್ತು ಹೇಳುವ ಹಾಗೆ.
ಹತ್ತು ನಿಮಿಷ.
ಮಗು ಅಳುತ್ತಲೇ ಇತ್ತು. ನಾವಿಬ್ಬರೂ ಕದಲಲಿಲ್ಲ.

ತುಟಿಯ ಮೂಲೆಗೆ ಬೆಳ್ಳಿ ತಾಗಿಸಿದಾಗ
ನಾಲಿಗೆ ಮೊದಲು ಅದನ್ನು ತಳ್ಳಿತು.
ಆಮೇಲೆ ಒಂದು ಗುಟುಕು, ಹುಬ್ಬು ಗಂಟಿಕ್ಕಿ,
ಎಲ್ಲಿಂದ ಬಂತು ಇದು ಎಂಬಂತೆ.
ಆಮೇಲೆ ಗಂಟು ಸಡಿಲಾಯಿತು.

ಆರೂವರೆಗೆ ಸುಕನ್ಯ, ಕೊರಳಲ್ಲಿನ್ನೂ ಕಂಪನಿಯ ಪಟ್ಟಿ.
'ಏನು ಸುಟ್ಟಿದ್ದು?'
ಬಟ್ಟೆಯ ಮೇಲೆ ಮಗುಚಿಟ್ಟ ಬೆಳ್ಳಿಯಿಂದ ಕತೆ ಶುರು ಮಾಡಿದೆ.
ಅವಳು ಮೂಗು ಹಿಡಿದೇ ಕಿಟಕಿ ತೆರೆದಳು.
ಎದುರಿಗೆ ಪಾಟಿ ಕೋಲ ಹಾಕುತ್ತಿದ್ದಳು, ತಲೆಯೆತ್ತಲಿಲ್ಲ.
ಅವಳ ಬಕೆಟ್ಟು ಇನ್ನೂ
ನಮ್ಮ ಹೊಸ್ತಿಲಲ್ಲೇ, ತುಂಬಿಕೊಂಡು.