ಸ್ಪೀಕರ್ ಇಲ್ಲದ ವರ್ಷ

ಯಾರಯ್ಯ ನಿನ್ನ ಗುರು ಎಂದು ಕೇಳಿದರೆ ಈಗ
ಲ್ವಾಂಡ್ಲೆ ಗಂಟಲು ಸರಿಮಾಡಿಕೊಂಡು
ಚಿಕಾಗೋ ಅನ್ನುತ್ತಾನೆ, ಬರ್ಲಿನ್ ಅನ್ನುತ್ತಾನೆ.
ನಾನು ಅವನಕ್ಕ. ನನಗೆ ನಗು.

ಬರ್ಲಿನ್ ಎಲ್ಲಿತ್ತು ಆಗ?
ಉಮ್‌ಲಾಜಿಯ ದಿಬ್ಬದ ಮೇಲೆ ನಮ್ಮವು ಎರಡು ಕೋಣೆ.
ಒಂದರಲ್ಲಿ ಅಜ್ಜಿ, ನಮ್ಮ ಗೋಗೋ, ಅವಳ ಹೊಲಿಗೆ ಯಂತ್ರ;
ಇನ್ನೊಂದರಲ್ಲಿ ಯಾವುದೋ ಶಾಲೆ ಎಸೆದ ಕಂಪ್ಯೂಟರ್,
ತಗಡು ಕಳಚಿ ಕರುಳೆಲ್ಲ ಕಾಣುವಂತೆ,
ಫ್ಯಾನಿಗೆ ಬೆಂಕಿಪೊಟ್ಟಣದ ಒತ್ತು ಕೊಟ್ಟದ್ದು.
ಸ್ಪೀಕರ್ ಇರಲಿಲ್ಲ.

ಒಂದು ವರ್ಷ ಅವನು ಕಣ್ಣಲ್ಲೇ ಹಾಡು ಕಟ್ಟಿದ.
ಹಸಿರು ಗೆರೆ ಏರಿದರೆ ಏಟು, ಮಲಗಿದರೆ ಮೌನ,
ಹಾಗಂತ ತಾನೇ ಗೊತ್ತುಮಾಡಿಕೊಂಡು
ಚೌಕದ ಪಕ್ಕ ಚೌಕ ಕೂರಿಸಿದ,
ನಾನು ತಟ್ಟೆಯಲ್ಲಿ ಬೀನ್ಸ್ ಕಾಳು ಆರಿಸಿದ ಹಾಗೆ.
ಏನೋ ಅದು ಅಂದರೆ
'ಸುಮ್ಮನಿರು, ಕೇಳಿಸುತ್ತಿದೆ.'
ನನಗೆ ಕೇಳಿಸಿದ್ದು ಫ್ಯಾನು,
ಮತ್ತೆ ಗೋಡೆಯಾಚೆ ಗೋಗೋಳ ಪೆಡಲು.
ಎಡಗಾಲು ಬಾತಿತ್ತು ಅವಳಿಗೆ.
ಟಕ ಟಕ ಟಕ, ಒಂದು ಉಸ್ಸು,
ಟಕ.
ಚರ್ಚಿನ ಬಿಳಿ ನಿಲುವಂಗಿ, ಹಸಿರು ಅಂಚು, ಡಜನ್ನಿಗೆ ಇಷ್ಟು ಅಂತ.
ಕರೆಂಟು ಹೋದರೆ ಅವನ ಹಾಡು ಅಳಿಸಿಹೋಗುತ್ತಿತ್ತು.
ಅವಳದು ಕತ್ತಲಲ್ಲೂ ನಡೆಯುತ್ತಿತ್ತು.

ಕೊನೆಗೊಂದು ಶನಿವಾರ
ಪೆನ್‌ಡ್ರೈವ್ ಮುಷ್ಟಿಯಲ್ಲಿ ಬೆವರುತ್ತ
ನ್ಗೆಮಾನ ಟ್ಯಾಕ್ಸಿ ಹತ್ತಿದೆವು.
ಹದಿನೈದು ಸೀಟು, ಹತ್ತೊಂಬತ್ತು ಜನ,
ಸೀಟಿನಡಿ ಎರಡು ಸ್ಪೀಕರ್, ಕೂತವರ ಹೊಟ್ಟೆಯನ್ನೇ ಮಾತಾಡಿಸುವಂಥವು.
ನ್ಗೆಮಾ ಕಿವಿಯಿಂದ ಕೇಳುವವನಲ್ಲ.
ಮುಂದಿನ ಕನ್ನಡಿ ನಡುಗಬೇಕು,
ಹಿಂದೆ ಪೊಲೀಸ್ ಗಾಡಿ ಬಂದರೂ ಅದರಲ್ಲಿ ಗುರುತು ಸಿಗಬಾರದು,
ಆಗ ಪಾಸು.

ಗೋಗೋ ಕಿಟಕಿ ಪಕ್ಕ. ಕ್ಲಿನಿಕ್ಕಿಗೆ, ಕಾಲು ತೋರಿಸಲು.
ಹಾಡು ಶುರುವಾಯಿತು.
ಮಾಡಿದವನೂ ಕೇಳಿದ್ದು ಅದೇ ಮೊದಲು;
ತುಟಿ ಕಚ್ಚಿ ಚಪ್ಪಲಿ ನೋಡುತ್ತಿದ್ದ.
ಕನ್ನಡಿ ನಡುಗಿದ್ದು ಹಾಡಿಗೋ ರಸ್ತೆಯ ಗುಂಡಿಗೋ
ಇವತ್ತಿಗೂ ಹೇಳಲಾರೆ.
ನ್ಗೆಮಾ ಏನೂ ಅನ್ನಲಿಲ್ಲ.

ಗೋಗೋ ಹುಬ್ಬು ಗಂಟಿಕ್ಕಿದಳು:
'ಡೋಲಿನವನು ಯಾರೋ, ಕಾಲುನೋವಿನವನು.
ತಡವಾಗಿ ಬರುತ್ತಾನೆ ಪಾಪ.
ಬರುತ್ತಾನೆ ಅನ್ನು.'

ಮೂವರ ಬಾಡಿಗೆ ಮುಂದಕ್ಕೆ ದಾಟಿಸಿದೆ.
ಅಪರಿಚಿತರ ಕೈಯಿಂದ ಕೈಗೆ
ಚಿಲ್ಲರೆ ಹಿಂದಕ್ಕೆ ಬಂತು.
ಎಣಿಸಿದೆ.
ಇಬ್ಬರದಷ್ಟೇ ಹಿಡಿದಿದ್ದ.