ನಾಲ್ಕು ಗುಂಡಿ ಸೆಲ್ಲು

ಬೆರಳುದ್ದದ ಕ್ಯಾಮೆರಾ. ಎಳೆದರೆ ಕಣ್ಣು ಬಿಡುತ್ತದೆ,
ತಳ್ಳಿದರೆ ಮುಚ್ಚುತ್ತದೆ.
ಚಿಕ್ಕಮ್ಮ ವೆಲ್ತಾ ಸತ್ತ ಮೇಲೆ ಉಣ್ಣೆಯ ಕೈಗವಸಿನೊಳಗೆ ಸಿಕ್ಕಿತು,
ಹಳೇ ಸೆಲ್ಲು ಹೊಟ್ಟೆಯಲ್ಲೇ ಉಪ್ಪಾಗಿ.

ರೀಗಾದ ಮೂರು ಅಂಗಡಿಗಳಲ್ಲಿ ಕೇಳಿದೆ.
"ಪಾದರಸದ್ದಾ? ಅದು ನಿಂತು ಎಷ್ಟು ಕಾಲವಾಯಿತು!"
ಒಬ್ಬ ಹುಡುಗ ಫೋನಿನ ಚಾರ್ಜರು ತೋರಿಸಿದ, ಪಾಪ.

ಮಾರುಕಟ್ಟೆಯ ಹಿಂದೆ, ಹೊಗೆಮೀನು ನಾರುವ ಓಣಿಯಲ್ಲಿ
ಗಡಿಯಾರದ ಮುದುಕ ಆಯ್ವಾರ್ಸ್
ವಿನೆಗರಿನಲ್ಲಿ ಬೆಂಕಿಕಡ್ಡಿ ಅದ್ದಿ
ಉಪ್ಪು ಕೆರೆದ.
ನಾಲ್ಕು ಗುಂಡಿ ಸೆಲ್ಲು ಒಂದರ ಮೇಲೊಂದು ಪೇರಿಸಿ
ಟ್ರಾಮ್ ಟಿಕೀಟಿನಲ್ಲಿ ಸುರುಳಿ ಸುತ್ತಿದ.
ಸಂದು ಉಳಿಯಿತು; ಚಾಕೊಲೇಟಿನ ಬೇಗಡೆ ಮಡಚಿ ತುರುಕಿದ.
"ಅರ್ಧ ವೋಲ್ಟು ಹೆಚ್ಚೇ ಆಯಿತು. ನಡೆಯುತ್ತೆ."

ಸಾಸಿವೆಯಷ್ಟು ದೀಪ ಹತ್ತಿತು.
ಖುಷಿಗೆ ಅವನ ಕಡೆ ತಿರುಗಿಸಿದೆ.
ಥಟ್ಟನೆ ಅಂಗೈ ಅಡ್ಡ ಬಂತು.
ನಗುತ್ತಲೇ ಇದ್ದ; ಕೈ ಮಾತ್ರ ಇಳಿಯಲಿಲ್ಲ.
"ಇಷ್ಟು ಚಿಕ್ಕದನ್ನು ಹಿಡಿದವರು
ಆಗೆಲ್ಲ ಕೇಳಿ ತೆಗೆಯುತ್ತಿರಲಿಲ್ಲ, ಮಗಳೇ."

ಹಾಗಾದರೆ ಚಿಕ್ಕಮ್ಮ ಯಾರನ್ನು...
ಬಾಯಿಗೆ ಬಂದದ್ದನ್ನು ನುಂಗಿ
ಟಿಕೀಟಿನ ದುಡ್ಡನ್ನೂ ಸೇರಿಸಿ ಕೊಟ್ಟೆ. ತೆಗೆದುಕೊಂಡ.

ಬೆರಳು ಅಷ್ಟರಲ್ಲಿ ಒತ್ತಿಯಾಗಿತ್ತು.
ಫಿಲ್ಮು ತೊಳೆದು ಬಂದಾಗ ಉಗುರಗಲದ ಚೌಕದಲ್ಲಿ
ಅವನಿಲ್ಲ;
ಒಂದು ಅಂಗೈ,
ಹಸ್ತರೇಖೆಯ ನಡುವೆ ಸಿಕ್ಕಿಕೊಂಡ
ಚೂರು ಬೇಗಡೆ.